ಹೊಸ್ತಿಲಲ್ಲಿ ಕಾಯುವ ಬೆಕ್ಕು

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪೂಜೆ ಪಡೆದು, ಎಲ್ಲಕ್ಕಿಂತ ಕಡಿಮೆ ಗಮನ ಪಡೆಯುವ ವಸ್ತುವೆಂದರೆ ಹೊಸ್ತಿಲು. ಬೆಳಿಗ್ಗೆ ಅದಕ್ಕೆ ಅರಿಸಿನ, ಕುಂಕುಮ, ಎರಡು ಹೂವು. ಆಮೇಲೆ ದಿನವಿಡೀ ಅದನ್ನು ದಾಟುವವರಲ್ಲಿ ಒಬ್ಬರಾದರೂ ಬಗ್ಗಿ ನೋಡುವುದಿಲ್ಲ. ಕಾಲಿಗೂ ಕಣ್ಣಿದೆ ಎಂಬ ಭರವಸೆಯ ಮೇಲೆಯೇ ನಮ್ಮ ಸಂಸಾರಗಳು ನಡೆಯುತ್ತವೆ. ನನ್ನ ಕಾಲಿನ ಕಣ್ಣು ಮಾತ್ರ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೈಕೊಟ್ಟಿತ್ತು. ಹೊಸೂರಿನ ನಮ್ಮ ಬಾಡಿಗೆ ಮನೆಯ ನಾಲ್ಕು ಹೊಸ್ತಿಲುಗಳೂ ನನ್ನ ಹೆಬ್ಬೆರಳನ್ನು ಸರದಿಯಂತೆ ಸತ್ಕರಿಸುತ್ತಿದ್ದವು.

ಓದುಗರಲ್ಲಿ ಮುಚ್ಚುಮರೆಯೇಕೆ? ಹೆಬ್ಬೆರಳಿನ ತಪ್ಪೇನೂ ಇರಲಿಲ್ಲ. ನನ್ನ ದೃಷ್ಟಿಯ ಅಂಚುಗಳು ಮಸುಕಾಗುತ್ತಿದ್ದವು. ನೇರ ಎದುರಿಗಿದ್ದದ್ದು ನಿಚ್ಚಳ, ಪಕ್ಕದಲ್ಲಿದ್ದದ್ದು ನಾಪತ್ತೆ. ನಾನೋ ಕಾರ್ಖಾನೆಯಲ್ಲಿ ಯಂತ್ರಭಾಗಗಳನ್ನು ಪರೀಕ್ಷಿಸುವವನು. ಕೂದಲೆಳೆಯಷ್ಟು ಗೀರಿದ್ದರೂ ಹಿಡಿದು 'ತಿರಸ್ಕೃತ' ಎಂದು ಮುದ್ರೆಯೊತ್ತುವ ಪ್ರತಿಷ್ಠೆಯ ಹುದ್ದೆ. ಕಣ್ಣು ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಗಂಟುಮೂಟೆ ಕಟ್ಟಿಕೊಂಡು ಮಂಡ್ಯದ ಮಾವನ ಮನೆಯ ಜಗಲಿ ಸೇರಬೇಕಾಗುತ್ತದೆ ಎಂಬ ಭಯದಿಂದ ವೈದ್ಯರ ಬಳಿಗೂ ಹೋಗದೆ, ಹೆಂಡತಿ ಶಾರದೆಗೂ ಹೇಳದೆ, ಎಡವಿದಾಗಲೆಲ್ಲ ಹೊಸ್ತಿಲು ಮಾಡಿದ ಬಡಗಿಯನ್ನು ಬೈಯುತ್ತ ಕಾಲ ತಳ್ಳುತ್ತಿದ್ದೆ.

ಅಷ್ಟರಲ್ಲಿ ಮನೆಗೆ ಇಲಿಗಳು ಬಂದವು, ಇಲಿಗಳಿಂದಾಗಿ ಬೆಕ್ಕು ಬಂತು. ಉದ್ದನಪಲ್ಲಿಯ ಆಚೆ ಹೊಲಗಳ ನಡುವೆ ಯಾರಿಗೂ ಬೇಡವಾದ ಮುದಿ ದನ, ಕುಂಟು ನಾಯಿ, ಅನಾಥ ಬೆಕ್ಕುಗಳನ್ನು ಸಾಕುವ ಒಂದು ಆಶ್ರಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುನಿಯಮ್ಮ ಎಂಬ ಮುದುಕಿ ಮರಿಗಳನ್ನು ತೋರಿಸಿದಳು. ನಾನು ಅನುಭವಸ್ಥ ಅಭ್ಯರ್ಥಿಯೇ ಬೇಕೆಂದು ಹಟ ಹಿಡಿದು, ಬೂದುಬಣ್ಣದ ಒಂದು ಪ್ರೌಢ ಬೆಕ್ಕನ್ನು ಆರಿಸಿದೆ. ವೃತ್ತಿಗೌರವಕ್ಕೆ ತಕ್ಕಂತೆ ಅದರ ಹಲ್ಲು, ಉಗುರು, ಬಾಲಗಳನ್ನೆಲ್ಲ ತಪಾಸಣೆ ಮಾಡಿದೆನೇ ಹೊರತು ಅದು ಎಲ್ಲಿಂದ ಬಂತೆಂದು ಕೇಳಲಿಲ್ಲ.

"ಗೋಣಿಚೀಲದಾಗೆ ಆಕ್ಕೊಂಡೋಗು ಸಾಮಿ. ದಾರಿ ಅದ್ರ ಕಣ್ಣಿಗೆ ಬೀಳಬಾರ್ದು, ಬಿದ್ರೆ ವಾಪಸ್ ಬಂದ್ಬುಡ್ತದೆ," ಎಂದಳು ಮುನಿಯಮ್ಮ. ಬಸ್ಸಿನಲ್ಲಿ ತೊಡೆಯ ಮೇಲಿದ್ದ ಚೀಲದಿಂದ ಒಂದು ಮಿಯಾವ್ ಕೂಡ ಬರಲಿಲ್ಲ. ಕತ್ತಲೆಯ ಅಭ್ಯಾಸವಿದ್ದ ಪ್ರಾಣಿ ಎಂದು ಆಗ ನನಗೆ ಹೊಳೆಯಲಿಲ್ಲ.

ಇಲಿಗಳು ವಾರದೊಳಗೆ ಜಾಗ ಖಾಲಿ ಮಾಡಿದವು. ಆದರೆ ಬೆಕ್ಕಿನ ಒಂದು ನಡವಳಿಕೆ ನಮ್ಮ ಮಧ್ಯಾಹ್ನಗಳನ್ನು ಕೆಡಿಸಿತು. ಕೋಣೆಯಿಂದ ಕೋಣೆಗೆ ಹೋಗುವಾಗ ಅದು ಹೊಸ್ತಿಲು ದಾಟಿ ನಿಂತು, ಹಿಂದಿರುಗಿ, ನೆಲದಿಂದ ಗೇಣೆತ್ತರದಲ್ಲಿ ಏನನ್ನೋ ನೋಡುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ಪಾದ ಹೊಸ್ತಿಲು ದಾಟುವಷ್ಟು ಹೊತ್ತಿನ ಮೇಲೆ ಅದರ ತಲೆ ತುಸು ಒಳಕ್ಕೆ ತಿರುಗುತ್ತಿತ್ತು. ಇನ್ನೊಂದು ಪಾದದ ಹೊತ್ತಿಗೆ ಇನ್ನೂ ತುಸು. ಎರಡೂ ಪಾದ ಒಳಗೆ ಬಂದವೆಂದು ಖಾತ್ರಿಯಾದ ಮೇಲೆ, ಬಾಲವೆತ್ತಿ, ನಿಧಾನವಾಗಿ ಮುಂದಕ್ಕೆ ನಡೆಯುತ್ತಿತ್ತು. ಹಾಡುಹಗಲಿನಲ್ಲಿ, ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿರುವಾಗಲೇ, ನನ್ನ ಬೆನ್ನುಹುರಿ ತಣ್ಣಗಾಗುತ್ತಿತ್ತು.

"ರೀ, ಅದು ಯಾರ್ನೋ ಒಳಕ್ಕೆ ಕರ್ಕೊಂಡ್ ಬರ್ತಾ ಇದೆ," ಎಂದಳು ಶಾರದೆ. ವಿಜ್ಞಾನದ ಪದವೀಧರನಾದ ನಾನು ಜೋರಾಗಿ ನಕ್ಕೆ. ನಕ್ಕವನು ಆ ಸಂಜೆ ಸ್ನಾನದ ಮನೆಗೆ ಹೋಗುವಾಗ ಬೆಕ್ಕಿನ ಹಿಂದಿನ ಜಾಗವನ್ನು ತುಳಿಯದೆ ಸುತ್ತಿಕೊಂಡೇ ಹೋದೆ. ಮೂರು ವಾರ ಕಳೆಯುವಷ್ಟರಲ್ಲಿ ಅವಳು ತೀರ್ಪು ಕೊಟ್ಟಳು: ಈ ಮನೆಯಲ್ಲಿ ಬೆಕ್ಕಿರಬೇಕು, ಇಲ್ಲವೇ ತಾನಿರಬೇಕು.

ಬೆಕ್ಕನ್ನು ವಾಪಸು ತೆಗೆದುಕೊಳ್ಳುತ್ತಾರೋ ಎಂದು ವಿಚಾರಿಸಲು ಭಾನುವಾರ ಮತ್ತೆ ಆಶ್ರಯಕ್ಕೆ ಹೋದೆ. ಮುನಿಯಮ್ಮ ನನ್ನ ಕಥೆ ಕೇಳಿ, ಹುಲ್ಲು ಹಾಕುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅದನ್ನ ಸಾಕಿದ್ದ ಅಜ್ಜಿಗೆ ಎಲ್ಡು ಕಣ್ಣೂ ಇರ್ಲಿಲ್ಲ ಸಾಮಿ. ಅದ್ರ ಕೊಳ್ಳಾಗೆ ಒಂದು ಗೆಜ್ಜೆ ಕಟ್ಟಿದ್ಲು. ಅದು ಮುಂದೆ, ಅವ್ಳು ಹಿಂದೆ. ಹೊಸ್ತಿಲಾಗೆ ಅವ್ಳು ಎಡವ್ದೆ ದಾಟೋಗಂಟ ನಿಂತ್ಕಂತಿತ್ತು. ಅಜ್ಜಿ ಹೋಗ್ಬುಟ್ಲು. ನೆಂಟ್ರು ಗೆಜ್ಜೆ ಬಿಚ್ಕೊಂಡು ಇದನ್ನ ಇಲ್ಲಿ ಬಿಟ್ಟೋದ್ರು."

ವಿವರಣೆ ಸಿಕ್ಕರೆ ಭಯ ಓಡಿಹೋಗುತ್ತದೆಂದು ನಾನು ನಂಬಿದ್ದೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಅಜ್ಜಿಯ ಕಥೆ ಕೇಳಿ ಶಾರದೆ ಬೆಕ್ಕನ್ನು ಉಳಿಸಿಕೊಂಡಳು, ನಿಜ. ಆದರೆ ಅದು ಹೊಸ್ತಿಲಲ್ಲಿ ನಿಂತಾಗಲೆಲ್ಲ ದಾರಿಯಲ್ಲಿದ್ದ ಬಿಂದಿಗೆಯನ್ನು ಸರಿಸಿ, ತಾನು ಗೋಡೆಗೆ ಒತ್ತಿಕೊಂಡು ನಿಲ್ಲತೊಡಗಿದಳು. "ಅಜ್ಜಿ ದಾಟ್ಲಿ, ಒಂದ್ನಿಮಿಷ ತಾಳ್ರಿ," ಎಂದು ನನ್ನನ್ನೂ ತಡೆಯುತ್ತಿದ್ದಳು. ನಾನು ಅಪಹಾಸ್ಯ ಮಾಡುತ್ತಲೇ ತಾಳುತ್ತಿದ್ದೆ.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ, ಬೆಕ್ಕು ನನ್ನ ಮುಂದೆ ನಡೆದು ಹೊಸ್ತಿಲು ದಾಟಿ ನಿಂತಿತು. ತಿರುಗಿ ನೋಡಿದ್ದು ನನ್ನ ಪಾದಗಳನ್ನು. ನನಗಾಗಿ, ನನ್ನೊಬ್ಬನಿಗಾಗಿಯೇ ಕಾಯಿತು. ಮಾರನೆಯ ದಿನವೂ ಕಾಯಿತು. ಕೊನೆಗೂ ಅಕ್ಕರೆ ಹುಟ್ಟಿತೆಂದು ನಾನು ಉಬ್ಬಿಹೋದೆ. ಒಂದು ವಾರ ನನ್ನ ಹೆಬ್ಬೆರಳಿಗೆ ಪೆಟ್ಟಾಗಲಿಲ್ಲ ಎಂಬುದು ಸಹ ಆ ಅಹಂಕಾರದಲ್ಲಿ ಗಮನಕ್ಕೆ ಬರಲಿಲ್ಲ.

ಗಮನಿಸಿದವಳು ಶಾರದೆ. ಬೆಕ್ಕು ತನಗಾಗಿ ಕಾಯುವುದಿಲ್ಲ, ಪಕ್ಕದ ಮನೆಯವರಿಗಾಗಿ ಕಾಯುವುದಿಲ್ಲ, ನನ್ನೊಬ್ಬನಿಗಾಗಿ ಕಾಯುತ್ತದೆ. ಅಂದು ಸಂಜೆ ನಾನು ಕಾಫಿ ಕುಡಿಯುತ್ತಿದ್ದಾಗ ಅವಳು ಸದ್ದಿಲ್ಲದೆ ನನ್ನ ಎಡಗಡೆ ಬಂದು ಕೂತು, ನನ್ನ ಕಣ್ಣಿನ ಪಕ್ಕದಲ್ಲಿ ಬಹಳ ಹೊತ್ತು ಕೈ ಆಡಿಸುತ್ತಲೇ ಇದ್ದಳಂತೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕಾಫಿಯ ಹದವನ್ನು ಹೊಗಳುತ್ತಿದ್ದೆ. ಕಿವಿಯ ಪಕ್ಕದಲ್ಲೇ ಅವಳ ಬಿಕ್ಕು ಕೇಳಿಸಿದಾಗ ಲೋಟ ಕೈಜಾರಿತು.

"ಬೆಕ್ಕಿಗೆ ಗೊತ್ತಾಗಿದ್ದು ನಂಗೊತ್ತಾಗ್ಲಿಲ್ವಲ್ರೀ," ಎಂದಳು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನನಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಬೆಂಗಳೂರಿನ ಕಣ್ಣಿನ ವೈದ್ಯರು ಕಣ್ಣಿನೊಳಗೆ ಒತ್ತಡ ಏರಿದೆ ಎಂದರು. ಹೋದ ದೃಷ್ಟಿ ಬಾರದು, ಉಳಿದದ್ದನ್ನು ಕಾಪಾಡಬಹುದು, ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಕಾಪಾಡಲು ಏನೂ ಇರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸತ್ಯ ಹೇಳಿದೆ. ಕೆಲಸ ಹೋಗಲಿಲ್ಲ, ಮುದ್ರೆ ಹೋಯಿತು. ಉಗ್ರಾಣದ ಕುರ್ಚಿ ಸಿಕ್ಕಿತು. ಇಷ್ಟಕ್ಕಾಗಿ ಎರಡು ವರ್ಷ ಕತ್ತಲೆಯನ್ನು ಒಬ್ಬನೇ ಹೊತ್ತು ತಿರುಗಿದ್ದೆ.

ಬೆಂಗಳೂರಿನಿಂದ ಔಷಧಿಯ ಹನಿಗಳೊಂದಿಗೆ ಮರಳಿದ ಮಧ್ಯಾಹ್ನ ಬೆಕ್ಕು ಬಾಗಿಲಲ್ಲಿ ಕಾದಿತ್ತು. ನಾನು ತಲೆ ಬಗ್ಗಿಸಿ, ಹೊಸ್ತಿಲನ್ನು ಕಣ್ತುಂಬ ನೋಡಿ, ದಾಟಿದೆ. ಬೆಕ್ಕು ಕದಲಲಿಲ್ಲ. ಅದರ ನೋಟ ನನ್ನ ಪಾದಗಳನ್ನು ಬಿಟ್ಟು ಹಿಂದಕ್ಕೆ ಹೋಯಿತು. ತಲೆ ತುಸು ತಿರುಗಿತು, ನಿಂತಿತು. ನನಗೆ ಹೆದರಿಕೆಯಾಗಲಿಲ್ಲ. ನಾನು ಹೋಗಬೇಕಾಗಬಹುದಾದ ಕತ್ತಲೆಯಲ್ಲಿ ಬಹಳ ಕಾಲ ನಡೆದವರು ಒಬ್ಬರಿದ್ದರೆಂಬುದು ಆ ಗಳಿಗೆಯಲ್ಲಿ ದೊಡ್ಡ ಧೈರ್ಯವೆನಿಸಿತು. ಶಾರದೆ ಆಗಲೇ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದಳು. ನಾನು ಪಕ್ಕಕ್ಕೆ ಸರಿದು, ಎರಡನೆಯ ಪಾದವೂ ಒಳಗೆ ಬರುವ ತನಕ ಬಾಗಿಲನ್ನು ಹಿಡಿದುಕೊಂಡು ನಿಂತೆ.