ದೋಣಿಯ ನೆತ್ತಿಗೆ ಬೆಸೆದ ಕೊಂಡಿ

ಗೇಟು, ಕಿಟಕಿ, ನೀರಿನ ಟ್ಯಾಂಕು, ಇಷ್ಟೇ ನಮ್ಮ ಬಾಲಾನಗರದ ಶೆಡ್ಡಿನ ಕಸುಬು. ಊರಿನ ಇನ್ನೊಂದು ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿನವರು ರಜೆಯಲ್ಲಿ ತೇಲಾಡಲೆಂದು ನೂರು ಜನ ಕೂರುವ ದೋಣಿ ಕಟ್ಟಿಕೊಡಲು ನಮ್ಮ ಮಾಲೀಕ ಒಪ್ಪಿಕೊಂಡುಬಿಟ್ಟ. ಕಟ್ಟಿದೆವು. ಇನ್ನು ಅದನ್ನು ಲಾರಿಯ ಮೇಲೆ ಊರ ನಡುವಿನ ಹುಸೇನ್ ಸಾಗರ ಕೆರೆಗೆ ಒಯ್ಯಬೇಕು. "ಒಂದು ಗೀರೂ ಬೀಳದಂತೆ ನೀರಿಗಿಳಿಸು, ಹೊಸ ಶೆಡ್ಡಿಗೆ ನೀನೇ ಮೇಸ್ತ್ರಿ" ಎಂದು ಮಾಲೀಕ ಕಾಕಾಗೆ ಮಾತು ಕೊಟ್ಟ.

ಕಾಕಾ ಬೀದರ್ ಕಡೆಯವರು, ನನಗೆ ವೆಲ್ಡಿಂಗ್ ಕಲಿಸಿದವರು. ಇಪ್ಪತ್ತು ವರ್ಷ ದಿನಗೂಲಿಯಲ್ಲೇ ಸವೆದ ಮನುಷ್ಯ. ಆ ಮಾತು ನಂಬಿ ಹೊಸ ಅಂಗಿಯನ್ನೂ ಹೊಲಿಸಿಕೊಂಡಿದ್ದರು.

ಎತ್ತರದ ಸರಕು ಹೊರಟರೆ ಅಷ್ಟೇ ಎತ್ತರದ ಬಿದಿರು ಹಿಡಿದು ಒಬ್ಬ ಮುಂದೆ ನಡೆಯುತ್ತಾನೆ. ಬಿದಿರು ದಾಟಿದಲ್ಲಿ ಲಾರಿಯೂ ದಾಟುತ್ತದೆ. ದೋಣಿ ಲಾರಿಗೇರಿದ ಮೇಲೆ ಕಾಕಾ ನೆಲದಿಂದ ನೆತ್ತಿಯವರೆಗೆ ಅಳೆದು, ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಬಿದಿರು ಕತ್ತರಿಸಿ, ಚಹಾ ಕುಡಿಯಲು ಹೋದರು.

ಆಗಲೇ ನನ್ನ ಬುದ್ಧಿಗೆ ಮಂಕು ಕವಿದದ್ದು. ದಾರಿಹೋಕರೆಲ್ಲ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ದೃಷ್ಟಿ ತಾಗದೆ ಇರುತ್ತದೆಯೇ? ಬೂದುಗುಂಬಳಕಾಯಿ ಕಟ್ಟದೆ ನಮ್ಮವರು ಪಾನ್ ಅಂಗಡಿಯನ್ನೂ ತೆರೆಯುವುದಿಲ್ಲ! ಚಾವಣಿ ಹತ್ತಿ, ಮುಂತುದಿಗೆ ಗೇಣೆತ್ತರದ ಕಬ್ಬಿಣದ ಕೊಂಡಿ ಬೆಸೆದು ಕಾಯಿ ಕಟ್ಟಿದೆ. ಕತ್ತೆ ನಾನು, ಇಳಿದು ಬಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾಯಿ ನೋಡಿ ಕಾಕಾ, "ಭಾಳ ಛಲೋ ಮಾಡ್ದಿ" ಎಂದರು. ಅದನ್ನು ಕಟ್ಟಿದ ಕೊಂಡಿ ಬಿದಿರಿಗಿಂತ ಎತ್ತರಕ್ಕೆ ನಿಂತಿದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ರೈಲು ಸೇತುವೆಯ ಕೆಳಗೆ ಕಾಕಾನ ಬಿದಿರು ಸಲೀಸಾಗಿ ದಾಟಿತು. "ಆನೇ ದೋ, ಬರ್ಲಿ!" ಎಂದು ಡ್ರೈವರಿಗೆ ಕೂಗಿದರು. ಲಾರಿ ಸರಿಯಿತು. ಕೊಂಡಿ ಸೇತುವೆಯ ತೊಲೆಗೆ ಸಿಕ್ಕಿ ಚಾವಣಿಯ ತಗಡು ಹರಿಯಿತು, ಮುಂದಿನ ಗಾಜು ಪುಡಿಪುಡಿಯಾಯಿತು.

ಮಾಲೀಕ ಕಾರಿನಿಂದ ಇಳಿದವನೇ ಕೊಂಡಿಯತ್ತ ಕೈ ತೋರಿಸಿ, ಯಾರ ಕೆಲಸ ಇದು ಎಂದು ಹಿಂದಿಯಲ್ಲಿ ಅರಚಿದ. ನಾನು ಲಾರಿಯ ಮರೆಗೆ ಸರಿದೆ.

"ಮೇರಾ ಸಾಬ್" ಎಂದರು ಕಾಕಾ. ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡುಬಿಟ್ಟರು. ಅಲ್ಲೇ, ಆ ಗಾಜಿನ ಚೂರುಗಳ ನಡುವೆಯೇ, ಅವರ ಕೆಲಸ ಹೋಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹೆದರಿದ್ದೆ, ಅಷ್ಟೇ.

ಬೀದರ್ ಗಾಡಿ ಹತ್ತಿಸಲು ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋದಾಗ ಅಳು ತಡೆಯಲಾಗಲಿಲ್ಲ. "ನಾಳೆ ಹೋಗಿ ಖರೇ ಹೇಳ್ತೀನ್ರಿ ಕಾಕಾ" ಎಂದೆ.

"ಹೇಳಿದ್ರ ಇಬ್ರೂ ಮನ್ಯಾಗ ಕುಂಡ್ರತೀವಿ. ಸುಮ್ನಿರು" ಎಂದು ಗದರಿದರು. ಆಮೇಲೆ ಕಿಟಕಿಯಿಂದ ಬಗ್ಗಿ ನಕ್ಕರು. "ತಗಡು ಹರೀತು, ನಿನ್ನ ವೆಲ್ಡಿಂಗ್ ಬಿಡಲಿಲ್ಲ ನೋಡಲೇ. ನಾ ಕಲಿಸಿದ್ದು!"

ಮರುದಿನ ನಾನು ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಹೊಸ ಶೆಡ್ಡು ಎದ್ದಾಗ ಮಾಲೀಕ ನನ್ನನ್ನು ಮೇಸ್ತ್ರಿ ಮಾಡಿದ. ಒಲ್ಲೆ ಎನ್ನಲಿಲ್ಲ.