ಮುಹೂರ್ತವಿಲ್ಲದ ದಿನಗಳ ಕಾಲೇಜು

ಲಿಂಗಂಪಲ್ಲಿಯ ಆಚೆಯ ಹೊಲಗಳು ಇನ್ನೂ ಪೂರ್ತಿಯಾಗಿ ನಿವೇಶನಗಳಾಗಿರದಿದ್ದ ಕಾಲದಲ್ಲಿ ಅಲ್ಲೊಂದು ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಇಸವಿ ಎರಡು ಸಾವಿರದ ಆಸುಪಾಸು. ಆಗ ಹೈದರಾಬಾದಿನಲ್ಲಿ ಕಂಪ್ಯೂಟರಿನ ಹೆಸರು ಹೇಳದೆ ಯಾವ ವ್ಯಾಪಾರವೂ ಸಾಗುತ್ತಿರಲಿಲ್ಲ. ನಮ್ಮ ಬೀದಿಯ ಜೋಯಿಸರು ಕೂಡ ಪಂಚಾಂಗವನ್ನು ಮೂಲೆಗಿಟ್ಟು ‘ಕಂಪ್ಯೂಟರ್ ಜಾತಕ’ ಎಂಬ ಫಲಕ ತೂಗುಹಾಕಿದ್ದರು.

ಕಾಲೇಜಿನ ಚೇರ್ಮನ್ನರು ಮೂಲತಃ ಒಂದು ಫಂಕ್ಷನ್ ಹಾಲಿನ ಮಾಲೀಕರು. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅಷ್ಟು ದೊಡ್ಡ ಕಟ್ಟಡ ಖಾಲಿ ಬಿದ್ದಿರುವುದನ್ನು ಕಂಡು ಅವರ ಮನಸ್ಸು ಮರುಗಿರಬೇಕು. ದೇಶದ ಯುವಜನರಿಗೆ ವಿದ್ಯೆ ನೀಡಲು ಮುಂದಾದರು. ಊಟದ ಮನೆ ತರಗತಿಯಾಯಿತು. ವರನ ಕೋಣೆ ಪ್ರಾಂಶುಪಾಲರಿಗೆ ಸಂದಿತು. ವಧುವಿನ ಕೋಣೆಯ ಬಾಗಿಲಿಗೆ ‘ಕಂಪ್ಯೂಟರ್ ಪ್ರಯೋಗಾಲಯ’ ಎಂಬ ಹಲಗೆ ಬಂದಿತು. ಒಳ್ಳೆಯ ಮುಹೂರ್ತವಿದ್ದ ದಿನ ಹಲಗೆಗಳನ್ನು ಕಳಚಿಟ್ಟು ಕಾಲೇಜಿಗೆ ರಜೆ ಕೊಡುತ್ತಿದ್ದರು. ಇಂಜಿನಿಯರಿಂಗ್ ಪಾಠಗಳು ರಾಹುಕಾಲ ಗುಳಿಕಕಾಲಗಳನ್ನು ಅನುಸರಿಸಿ ನಡೆದದ್ದು ಬಹುಶಃ ಅಲ್ಲಿ ಮಾತ್ರ.

ಈ ಕಾಲೇಜಿಗೆ ಕರ್ನಾಟಕದ ಕಡೆಯ ಹುಡುಗರನ್ನು ಕರೆತರುವ ಕೆಲಸ ನಮ್ಮ ನೆರೆಮನೆಯ ಅಮರೇಶಪ್ಪನವರದು. ಲಿಂಗಸೂಗೂರಿನ ಕಡೆಯವರು. ಅದಕ್ಕೆ ಮೊದಲು ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯ ನೀರಿನ ಪಂಪುಗಳನ್ನು ಊರೂರಿಗೆ ಹೋಗಿ ಮಾರುತ್ತಿದ್ದರು. ಗಿರಾಕಿಯ ಬಾವಿಯನ್ನು ಇಣುಕಿ ನೋಡಿ, “ನಿಮಗ ಇಷ್ಟು ದೊಡ್ಡ ಪಂಪ್ ಬ್ಯಾಡ್ರಿ, ಸುಮ್ಮನ ರೊಕ್ಕಾ ಹಾಳು” ಎಂದು ಹೇಳಿ ಬರುವುದು ಅವರ ಮಾರಾಟದ ಕ್ರಮ. ಕಾರ್ಖಾನೆ ಮುಚ್ಚಿದ್ದು ಅವರಿಂದಲೇ ಎಂದು ಹೇಳಲಾಗದು. ಆದರೆ ಮಾಲೀಕರು ಆ ಅನುಮಾನವನ್ನು ಕೊನೆಯವರೆಗೂ ಬಿಡಲಿಲ್ಲ.

ಚೇರ್ಮನ್ನರು ಅವರಲ್ಲಿ ಕಂಡ ಯೋಗ್ಯತೆ ಒಂದೇ, ಅವರು ಆಡುತ್ತಿದ್ದ ಕನ್ನಡ. ರಾಯಚೂರು, ಯಾದಗಿರಿಯ ತಂದೆತಾಯಿಗಳು ಹೈದರಾಬಾದಿನಲ್ಲಿ ತಮ್ಮ ಮಾತನ್ನಾಡುವವನು ಸಿಕ್ಕರೆ ಉಳಿದದ್ದನ್ನು ವಿಚಾರಿಸುವುದಿಲ್ಲ ಎಂಬುದನ್ನು ಆ ಮಹಾಶಯರು ಚೆನ್ನಾಗಿ ಅರಿತಿದ್ದರು.

ಮೊದಲ ದಿನವೇ ಅಮರೇಶಪ್ಪನವರ ಕೈಗೆ ಬಣ್ಣದ ಪುಸ್ತಿಕೆಯೊಂದು ಬಂದಿತು. ಮುಖಪುಟದಲ್ಲಿ ಹೊಳೆಯುವ ಗಾಜಿನ ಕಟ್ಟಡ, ಅದರ ಮುಂದೆ ನಗುತ್ತಿರುವ ವಿದೇಶಿ ಹುಡುಗಿಯರು.

“ಇದು ಎಲ್ಲೈತ್ರಿ ಸರ್?” ಎಂದು ಕೇಳಿದರು.

“ಮುಂದೆ ಕಟ್ಟುವ ಕಟ್ಟಡ” ಎಂದರು ಚೇರ್ಮನ್ನರು. ಆ ಹುಡುಗಿಯರೂ ಮುಂದೆಯೇ ಬರುವವರಿರಬೇಕೆಂದುಕೊಂಡು ಅಮರೇಶಪ್ಪನವರು ಮತ್ತೆ ಕೇಳಲಿಲ್ಲ.

ಮನೆಯಲ್ಲಿ ಪತ್ನಿ ಸುಂದರಾಬಾಯಿ ನಕ್ಕರು. “ನೀವು ಸುಳ್ಳು ಹೇಳಾಕ ಹೋದ್ರ ಕಿವಿ ಕೆಂಪಗಾಗತಾವ. ಮಫ್ಲರ್ ಸುತ್ತಿಕೊಂಡು ಹೋಗ್ರಿ.”

ಮೇ ತಿಂಗಳ ಬಿಸಿಲಿನಲ್ಲಿ ಮಫ್ಲರ್ ಸಾಧ್ಯವಿರಲಿಲ್ಲ. ಅವರು ಬೇರೊಂದು ಉಪಾಯ ಕಂಡುಕೊಂಡರು. ಬಾಯಿಂದ ಏನನ್ನೂ ಹೇಳುತ್ತಿರಲಿಲ್ಲ. ಯಾರೇನು ಕೇಳಿದರೂ ಪುಸ್ತಿಕೆಯನ್ನು ಮುಂದೆ ಮಾಡಿ, “ಇದರಾಗ ಬರದಾರ ನೋಡ್ರಿ” ಎನ್ನುತ್ತಿದ್ದರು. ಸುಳ್ಳು ಅಚ್ಚುಕೂಟದವರ ಪಾಲಿಗೆ ಹೋಯಿತು, ಸಂಬಳ ಇವರ ಪಾಲಿಗೆ ಬಂದಿತು. ಆ ಬೇಸಗೆ ಅವರು ನೆಮ್ಮದಿಯಿಂದ ನಿದ್ದೆ ಮಾಡಿದರೆಂದು ಕೇಳಿದ್ದೇನೆ.

ಆಷಾಢದಲ್ಲಿ ನಮ್ಮ ಕಡೆಯವರು ಶುಭಕಾರ್ಯಕ್ಕೆ ಕೈಹಾಕುವುದಿಲ್ಲ. ಸೀಟು ಹಿಡಿಯುವುದೂ ಶುಭಕಾರ್ಯವೇ. ಎಲ್ಲರೂ ಶ್ರಾವಣಕ್ಕಾಗಿ ಕಾದರು. ಮದುವೆ ಮಾಡುವವರೂ ಅದೇ ಶ್ರಾವಣಕ್ಕಾಗಿ ಕಾದಿದ್ದರು. ಪ್ರಪಂಚವನ್ನೆಲ್ಲ ಲೆಕ್ಕ ಹಾಕಿದ್ದ ಚೇರ್ಮನ್ನರು ಇದೊಂದನ್ನು ಹಾಕಿರಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ. ಸುರಪುರದ ಹತ್ತಿರದ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ ಗದಿಗೆಮ್ಮ ತನ್ನ ಮಗಳು ಶಿವದೇವಿಯನ್ನು ಕರೆದುಕೊಂಡು ಬಂದಿಳಿದಳು. ಬೇಸಗೆಯಲ್ಲಿ ಅವಳ ಊರಿಗೆ ಹೋಗಿ ಪುಸ್ತಿಕೆ ಕೊಟ್ಟು ಬಂದಿದ್ದ ಅಮರೇಶಪ್ಪನವರು ಸೋಮವಾರ ಬರಲು ಹೇಳಿಕಳುಹಿಸಿದ್ದರು. ಸೋಮವಾರಕ್ಕಿಂತ ಶುಕ್ರವಾರ ಶ್ರೇಷ್ಠವೆಂದು ಅವಳೇ ತೀರ್ಮಾನಿಸಿದ್ದಳು. ಕಾಲೇಜಿನ ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ, ಒಳಗೆ ನಾದಸ್ವರ. ಹೊಸ್ತಿಲಲ್ಲಿ ಯಾರೋ ತಾಯಿ ಮಗಳಿಬ್ಬರ ಮೇಲೂ ಪನ್ನೀರು ಚಿಮುಕಿಸಿ ಕೈಗೆ ಗುಲಾಬಿ ಕೊಟ್ಟರು.

“ಅಣ್ಣಾರ, ಓದಾಕ ಬಂದವರಿಗೆ ಇಷ್ಟು ಮರ್ಯಾದಿ ಮಾಡತಾರೇನ್ರಿ! ನಮ್ಮ ಕಡೆ ಅಳಿಯಾಗ ಸಹಿತ ಇಷ್ಟು ಮಾಡೂದಿಲ್ಲ” ಎಂದಳು ಗದಿಗೆಮ್ಮ, ಎದುರು ಬಂದ ಅಮರೇಶಪ್ಪನವರಿಗೆ.

ಚೇರ್ಮನ್ನರು ಅಮರೇಶಪ್ಪನವರನ್ನು ಕಂಬದ ಮರೆಗೆ ಎಳೆದುಕೊಂಡರು. “ಏಮಯ್ಯಾ, ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ಅಂತ ಹೇಳು. ಊಟ ಹಾಕಿಸು. ಮೊದಲು ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡುಬಿಡು.”

ಮೂಲ ಅಂಕಪಟ್ಟಿ ಒಮ್ಮೆ ಕಾಲೇಜಿನ ಕಪಾಟು ಸೇರಿತೆಂದರೆ, ಇಡೀ ಕೋರ್ಸಿನ ಶುಲ್ಕ ಕಟ್ಟದೆ ಅದು ಹೊರಗೆ ಬರುತ್ತಿರಲಿಲ್ಲ. ಅದಿಲ್ಲದೆ ಬೇರೆ ಕಾಲೇಜು ಸೇರಿಸಿಕೊಳ್ಳುತ್ತಿರಲಿಲ್ಲ. ವಿದ್ಯಾರ್ಥಿಗಳ ಮೇಲಿನ ಆ ಕಾಲೇಜಿನ ಪ್ರೀತಿ ಅಷ್ಟು ಗಾಢವಾದುದು.

ಅಮರೇಶಪ್ಪನವರು ಹುಡುಗಿಯನ್ನು ಕೇಳಿದರು: “ತಂಗಿ, ಬ್ಯಾರೆ ಎಲ್ಲೆರ ಸೀಟು ಸಿಕ್ಕೈತೇನು?”

“ಗುಲ್ಬರ್ಗಾದಾಗ ಸಿವಿಲ್ ಸಿಕ್ಕೈತ್ರಿ. ಸೇರಾಕ ನಾಳೆ ಕಡೀ ದಿನ. ನನಗ ಮನಸೈತಿ. ಅವ್ವ ಬ್ಯಾಡ ಅಂತಾಳ.”

“ಸಿವಿಲ್ ಅಂದ್ರ ಇಟ್ಟಂಗಿ ಎಣಸೂದು” ಎಂದಳು ಗದಿಗೆಮ್ಮ. “ಮಂದಿ ಮಕ್ಕಳೆಲ್ಲಾ ಕಂಪ್ಯೂಟರ್ ಕಲ್ತು ತಣ್ಣನ್ನ ಖೋಲಿಯಾಗ ಕುಂದರತಾವ. ನನ್ನ ಮಗಳು ಬಿಸಿಲಾಗ ನಿಂದರಬೇಕೇನ್ರಿ? ತಗೋರಿ ಮಾರ್ಕ್ಸ್ ಕಾರ್ಡ್.”

ಪ್ಲಾಸ್ಟಿಕ್ ಚೀಲ ಮುಂದೆ ಬಂದಿತು. ಮುಂದೆ ಮಾಡಲು ಅಂದು ಅಮರೇಶಪ್ಪನವರ ಬಳಿ ಪುಸ್ತಿಕೆ ಇರಲಿಲ್ಲ. ಇದ್ದರೂ ಅದರಲ್ಲಿ ನಾದಸ್ವರದ ವಿಷಯ ಬರೆದಿರಲಿಲ್ಲ. ಬಾಯಿಂದಲೇ ಹೇಳಬೇಕಾಯಿತು.

“ಅಕ್ಕಾರ, ಚೀಲ ಒಳಗ ಇಟ್ಕೋರಿ. ಇದು ಕಾಲೇಜಿನ ಸಮಾರಂಭ ಅಲ್ಲ, ಯಾರದೋ ಮದುವಿ. ಇದು ಫಂಕ್ಷನ್ ಹಾಲ್. ಮದುವಿ ಇಲ್ಲದ ದಿನ ಇಲ್ಲಿ ಕಾಲೇಜ್ ನಡೀತೈತಿ. ನೀವು ಗುಲ್ಬರ್ಗಾಕ್ಕ ಹೋಗ್ರಿ.”

ಇಷ್ಟು ಕಾಲದ ಮೇಲೆ ಸತ್ಯ ಹೇಳಿದವರಿಗೆ ಸಿಗಬೇಕಾದ ಗೌರವ ಕೂಡಲೇ ಸಿಕ್ಕಿತು. ಗದಿಗೆಮ್ಮ ಕಣ್ಣು ಕಿರಿದು ಮಾಡಿದಳು. “ಗೊತ್ತಾತು ಬಿಡ್ರಿ. ನನ್ನ ಮಗಳ ಸೀಟು ನಿಮ್ಮ ಬೀಗರ ಪೈಕಿ ಯಾರಿಗೋ ಹಾಕಾಕ ಹೊಂಟೀರಿ. ಬಡವರು ಅಂತ ಹಿಂಗ ಮಾಡತೀರೇನು?”

“ನಮ್ಮ ಬೀಗರಿಗೆ ಈ ಕಾಲೇಜ್ ತೋರಿಸಿದ್ರ ನನ್ನ ಮನಿಗೆ ಬರೂದ ಬಿಡತಾರ್ರಿ! ಬರ್ರಿ, ಪ್ರಯೋಗಾಲಯ ನೋಡ್ರಿ.”

ವಧುವಿನ ಕೋಣೆಯಲ್ಲಿ ಮದುಮಗಳಿಗೆ ಜಡೆ ಹೆಣೆಯುತ್ತಿದ್ದ ಹೆಂಗಸರು ಗಂಡಸನ್ನು ಕಂಡು ಕೂಗಿದರು. ಅಮರೇಶಪ್ಪನವರು ಹೊರಗೇ ನಿಂತರು. ತಾಯಿ ಮಗಳು ಒಳಗೆ ಹೋದರು. ಗೋಡೆಯುದ್ದಕ್ಕೂ ಮೇಜುಗಳು, ಮೇಲೆ ಹೊದಿಸಿದ್ದ ಬಟ್ಟೆ, ಬಟ್ಟೆಯ ಮೇಲೆ ಹೂವಿನ ಬುಟ್ಟಿ, ಕನ್ನಡಿ, ಬಾಚಣಿಗೆ. ಶಿವದೇವಿ ಬಟ್ಟೆಯ ಅಂಚನ್ನೆತ್ತಿ ನೋಡಿದಳು. ಬಗ್ಗಿ ಮೇಜಿನ ಕೆಳಗೂ ನೋಡಿದಳು.

“ಅವ್ವಾ, ಬರೀ ಟಿ.ವಿ. ಇಟ್ಟಾರ. ಕೆಲಸ ಮಾಡೂ ಪೆಟ್ಟಿಗಿ ಒಂದೂ ಇಲ್ಲ. ವೈರ್ ಸಹಿತ ಇಲ್ಲ.”

ಗದಿಗೆಮ್ಮ ಹೊರಗೆ ಬಂದು ಪ್ಲಾಸ್ಟಿಕ್ ಚೀಲವನ್ನು ಮಗಳ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು: “ನಮ್ಮೂರಿಗೆ ಬಂದಾಗ ಯಾಕ ಹೇಳಲಿಲ್ರಿ? ಅಲ್ಲೇ ಹೇಳಿದ್ರ ಈಗ ಗುಲ್ಬರ್ಗಾದಾಗ ಇರತಿದ್ದೆವು.”

ಅವಳು ಅಂದು ಏನನ್ನೂ ಕೇಳಿರಲಿಲ್ಲ ಎಂಬ ಉತ್ತರ ಅಮರೇಶಪ್ಪನವರ ನಾಲಗೆಯ ತುದಿಗೆ ಬಂದಿತ್ತಂತೆ. ಅದನ್ನು ನುಂಗಿದರು. “ಹೇಳಬೇಕಾಗಿತ್ತವ್ವ. ಹೇಳಲಿಲ್ಲ. ನಡೀರಿ, ರೈಲಿಗೆ ಹೊತ್ತಾತು.”

ಹೆಬ್ಬಾಗಿಲಿನಲ್ಲಿ ಚೇರ್ಮನ್ನರು ಅಡ್ಡ ನಿಂತರು. ನಡೆದುದನ್ನು ಅಮರೇಶಪ್ಪನವರು ಮುಚ್ಚಿಡಲಿಲ್ಲ. “ನಿನ್ನಂಥವನನ್ನು ಇಟ್ಟುಕೊಂಡರೆ ಕಾಲೇಜು ನಡೆದಂತೆಯೇ!” ಎಂದು ಅವರು ಕೂಗಾಡಿದರು. ತಮ್ಮ ಸಂಸ್ಥೆಯ ಬಗ್ಗೆ ಆ ಚೇರ್ಮನ್ನರು ಆಡಿದ ನಿಜವಾದ ಮಾತು ನನಗೆ ತಿಳಿದ ಮಟ್ಟಿಗೆ ಅದೊಂದೇ. ಸೋಮವಾರದಿಂದ ಬರಬೇಡವೆಂದೂ ಹೇಳಿದರು.

ಲಿಂಗಂಪಲ್ಲಿ ನಿಲ್ದಾಣದಲ್ಲಿ ಗುಲ್ಬರ್ಗದ ಕಡೆಯ ರೈಲು ಬರುವವರೆಗೂ ಗದಿಗೆಮ್ಮ ಗೊಣಗುತ್ತಲೇ ಇದ್ದಳು: ಸಿವಿಲ್ ಹೆಣ್ಣುಮಕ್ಕಳಿಗಲ್ಲ, ಮಗಳು ಕಪ್ಪಾಗುತ್ತಾಳೆ, ಮದುವೆಯದಾದರೇನು ಎಲೆ ಹಾಕಿದ್ದ ಊಟ ಬಿಟ್ಟು ಬಂದೆವಲ್ಲ. ಶಿವದೇವಿ ಮಾತ್ರ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಗಳಿಂದ ಎದೆಗೆ ಅವುಚಿಕೊಂಡು, ಗಾಡಿ ಬರುವ ದಿಕ್ಕನ್ನೇ ನೋಡುತ್ತ ನಿಂತಿದ್ದಳು.

ಮನೆಯಲ್ಲಿ ಸುಂದರಾಬಾಯಿ ಎಂದಿನಂತೆ ಕೇಳಿದರು: “ಇವತ್ತೊಂದು ಸೀಟಾದ್ರೂ ಆತೇನ್ರಿ?”

“ಒಂದು ಆತು. ಗುಲ್ಬರ್ಗಾದಾಗ.”

“ನಿಮ್ಮ ನೌಕರಿ?”

“ಹೋತು.”

ಸುಂದರಾಬಾಯಿ ತಟ್ಟೆ ಇಟ್ಟು ರೊಟ್ಟಿ ಬಡಿಸಿದರು. “ಬ್ಯಾರೆ ಯಾವುದಾರ ಪಂಪಿನ ಅಂಗಡಿಯವರನ್ನ ನಾಳೆ ಕೇಳೂಣಂತ. ಈಗ ಉಣ್ರಿ.”