ಶುಕ್ರವಾರ ದೀಪ ಹಚ್ಚಿದ ಮೇಲೆ ಚಾರ್ಜ್ ಕೊಡಬಹುದೆ?

ಕರೆಂಟಿನ ಸ್ಕೂಟರನ್ನು ರಸ್ತೆ ಬದಿಗೆ ತಂದು, ಎಡಕ್ಕೆ ಮಲಗಿಸಿ, ಎತ್ತಿ, ಮತ್ತೆ ಮಲಗಿಸಿ, ಗಡಗಡ ಅಲ್ಲಾಡಿಸಿದ ಮೊದಲ ಮನುಷ್ಯ ಬಹುಶಃ ನಾನೇ ಇರಬೇಕು.

ಏನು ಮಾಡಲಿ, ಹಳೇ ಚಾಳಿ. ಅರ್ಧ ಆಯುಷ್ಯ ಪೆಟ್ರೋಲ್ ಸ್ಕೂಟರ್ ಓಡಿಸಿದ ಕೈ ಇದು. ಗಾಡಿ ನಿಂತಿತೆಂದರೆ ಮಲಗಿಸಬೇಕು, ಟ್ಯಾಂಕಿನ ಮೂಲೆಯಲ್ಲಿ ಅಡಗಿ ಕೂತ ಹನಿ ಕೆಳಗೆ ಇಳಿಯುತ್ತದೆ, ಬಂಕ್ ತನಕ ಗಾಡಿ ಬರುತ್ತದೆ. ಎರಡು ವಾರದ ಹಿಂದೆ ಶುಕ್ರವಾರ ಸಂಜೆ ಸುರಪುರದಿಂದ ಶಹಾಪುರಕ್ಕೆ ಬರುವ ಹಾದಿಯಲ್ಲಿ ನನ್ನ ಹೊಸ ಗಾಡಿ ನಿಂತಾಗ ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿತು. ತಲೆ ಆಮೇಲೆ ಬಂತು.

ಕುರಿ ಹೊಡೆದುಕೊಂಡು ಹೊರಟಿದ್ದವನೊಬ್ಬ ನಿಂತು ನೋಡಿದ.

“ಪೆಟ್ರೋಲ್ ಖಾಲಿ ಆತೇನ್ರಿ?”

“ಇಲ್ಲಪಾ, ಇದು ಕರೆಂಟಿನ ಗಾಡಿ.”

“ಮತ್ಯಾಕ ಅಲ್ಲಾಡಸಾಕತ್ತೀರಿ?”

(ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವನು ಅಂತ ಅವನಿಗೆ ಹೇಳಲಿಲ್ಲ. ನೀವೂ ಹೇಳಬೇಡಿ.)

ಗಾಡಿ ನಿಂತದ್ದು ಯಾಕೆ? ಅದರದೇನೂ ತಪ್ಪಿಲ್ಲ. ಸುರಪುರದ ಬೀಗರ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಊಟ ಇತ್ತು. ಹೆಂಡತಿ ಮೊದಲೇ ಹೋಗಿ ಅಲ್ಲೇ ಬೇರು ಬಿಟ್ಟಿದ್ದಳು. ನಾನು ಬೆಳಿಗ್ಗೆ ಹೊಸ ಗಾಡಿಯ ಮೇಲೆ ಜಂಬದಿಂದ ಹೋಗಿ ಇಳಿದೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ಹೊಸ ಗಾಡಿ ಬಂತೆಂದರೆ ಅದು ಮಾಲೀಕನದಲ್ಲ, ಓಣಿಯದು. “ಒಂದು ರೌಂಡ್ ನೋಡ್ತೀನಿ ಮಾಮಾ” ಅಂದ ಬೀಗರ ಅಳಿಯ. ಆಮೇಲೆ ಅವನ ತಮ್ಮ. ಆಮೇಲೆ ಬಾಜೂಮನೆಯವರು. ಕೊನೆಗೆ ಅಡುಗೆಯವನೂ ಸೌಟು ಕೆಳಗಿಟ್ಟು ಬಂದ. ಎಲ್ಲರೂ ಸುರಪುರದ ಏರುಗಳಲ್ಲೇ ಅದರ ದಮ್ಮು ಪರೀಕ್ಷೆ ಮಾಡಿದರು. “ಭಾರಿ ಅದ್ರಿ ಗಾಡಿ” ಅಂದಾಗಲೆಲ್ಲ ನಾನು ಇನ್ನೊಬ್ಬರಿಗೆ ಕೀಲಿ ಕೊಟ್ಟೆ. ಚಾರ್ಜರ್ ಸೀಟಿನ ಕೆಳಗೇ ಇತ್ತು. ಊಟ ಆದ ಮೇಲೆ ಹಚ್ಚಿದರಾಯಿತು ಅಂದುಕೊಂಡೆ. ಊಟ ಆದ ಮೇಲೆ ಹೋಳಿಗೆ ತನ್ನ ಕೆಲಸ ಮಾಡಿತು, ಕಣ್ಣು ಹತ್ತಿತು.

ಹೊರಡುವಾಗ ಮೀಟರಿನಲ್ಲಿ ಕೆಂಪು ಗೆರೆ ಮಿಣುಕುತ್ತಿತ್ತು. ರಿಸರ್ವಿಗೆ ಬಿದ್ದಿದೆ, ಊರು ಮುಟ್ಟುತ್ತದೆ ಅಂದುಕೊಂಡೆ. ರಿಸರ್ವ್! ಬ್ಯಾಟರಿಗೆ ಎಲ್ಲಿಯ ರಿಸರ್ವ್? ಮೇಲೆ ಬೀಗರು ಕಾಲಿಡುವ ಜಾಗದಲ್ಲಿ ಶೇಂಗಾದ ಚೀಲ ಬೇರೆ ಇಟ್ಟಿದ್ದರು.

ತಳ್ಳಿದೆ. ಚೀಲದ ಸಮೇತ ತಳ್ಳಿದೆ. ರಸ್ತೆಗೆ ಅಂಟಿಕೊಂಡ ಒಂದು ಊರು ಬಂತು. (ಹೆಸರು ಬೇಡ. ಆ ಮನೆಯ ಸೊಸೆ ಬೈದಾಳು.) ಮೊದಲ ಮನೆಯ ಮಾಳಿಗೆ ಮೇಲೆ ಸೋಲಾರ್ ಪ್ಲೇಟುಗಳ ಸಾಲು. ಅಂಗಳದ ಮೂಲೆಯಲ್ಲಿ ತೊಗರಿ ಕಟ್ಟಿಗೆಯ ಬಣವೆ. ಬಚ್ಚಲ ಒಲೆಯ ಹೊಗೆ ಗೋಡೆ ಹಿಡಿದು ಏರುತ್ತಿತ್ತು. ದೇವರೇ ತೋರಿಸಿದ ಮನೆ ಅಂದುಕೊಂಡೆ.

ಬಾಗಿಲಲ್ಲಿ ವಯಸ್ಸಾದ ಒಬ್ಬ ತಾಯಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಿಂತಿದ್ದರು. ಹೆಸರು ಶರಣಮ್ಮ ಅಂತ ಆಮೇಲೆ ತಿಳಿಯಿತು.

“ಯವ್ವಾ, ಗಾಡಿ ಚಾರ್ಜ್ ಹೋಗ್ಯದ. ಜರಾ ಹೊತ್ತು ವಯರ್ ಹಚ್ಚಲೇನ್ರಿ?”

ಅವರು ನನ್ನನ್ನು ನೋಡಿದರು. ಒಳಗೆ ದೇವರ ಜಗುಲಿ ಕಡೆ ನೋಡಿದರು. ಮುಖದಲ್ಲಿ ನಿಜವಾದ ಸಂಕಟ.

“ಈಗ ತಾನ ದೀಪ ಹಚ್ಚೀನಿ ತಮ್ಮಾ. ಅದರಾಗ ಶುಕ್ರಾರ. ದೀಪ ಹಚ್ಚಿದ ಮ್ಯಾಲ ಮನ್ಯಾಗಿನ ಬೆಂಕಿ ಹೊರಗ ಕೊಡಂಗಿಲ್ಲ.”

ನಿಮ್ಮಲ್ಲಿ ಹಲವರ ಮನೆಯಲ್ಲಿ ಈ ಪದ್ಧತಿ ಇರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಮಜ್ಜಿಗೆ, ಬೆಂಕಿ ಹೊಸ್ತಿಲು ದಾಟುವುದಿಲ್ಲ. ಲಕ್ಷ್ಮಿ ಹಿಂದೆಯೇ ಹೊರಟುಬಿಡುತ್ತಾಳೆ ಅಂತ. ನನ್ನ ಅವ್ವನೂ ಕೊಡುತ್ತಿರಲಿಲ್ಲ. ಆದರೆ ಕರೆಂಟು? ನನ್ನೊಳಗಿನ ಮಾಸ್ತರ ಎದ್ದು ಕೂತ.

“ಕರೆಂಟು ಬೆಂಕಿ ಅಲ್ರೀ ಯವ್ವಾ.”

“ಹೀಟರ್ ಕಡ್ಡಿ ಬಕೇಟ್‌ನ್ಯಾಗ ಇಟ್ರ ನೀರು ಕಾಯ್ತದೋ ಇಲ್ಲೋ?”

“ಕಾಯ್ತದ್ರಿ.”

“ಬಚ್ಚಲದಾಗ ತೊಗರಿ ಕಟ್ಟಿಗಿ ಉರಿ ಹಚ್ಚಿದ್ರೂ ನೀರು ಕಾಯ್ತದ. ನೀರು ಕಾಸೋದು ಬೆಂಕಿ ಅಲ್ದ ಮತ್ತೇನು ತಮ್ಮಾ?”

ಎದ್ದು ಕೂತಿದ್ದ ಮಾಸ್ತರ ಪುಸ್ತಕ ಮುಚ್ಚಿದ.

ಅಷ್ಟರಲ್ಲಿ ಒಳಗಿಂದ ಸೊಸೆ ಬಂದಳು. ನಾಗವೇಣಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿ ಕಣ್ಣರಳಿಸಿದಳು.

“ಸರ್, ನೀವು ಪೇಪರ್‌ನ್ಯಾಗ ಬರಿಯೋರಲ್ರೇನು? ಮ್ಯಾಲ ಫೋಟೋ ಬರ್ತದಲ್ರಿ?”

ಬೇರೆ ದಿನ ಆಗಿದ್ದರೆ ಹಿಗ್ಗಿಬಿಡುತ್ತಿದ್ದೆ. ಆದರೆ ಅವಳ ಕಣ್ಣು ಆಗಲೇ ನನ್ನ ಗಾಡಿಯ ಮೇಲೆ ಬಿದ್ದಿತ್ತು, ಮುಖ ಇಳಿಯುತ್ತಿತ್ತು. ಪಡಸಾಲೆಯ ಮಂಚದ ಮೇಲೆ ಅವಳ ಮಾವ ಸಿದ್ದಣ್ಣನವರು ಕೂತಿದ್ದರು. ದೊಡ್ಡ ರುಮಾಲು, ಕಡಿಮೆ ಮಾತು. ಅವರು ಗಾಡಿ ನೋಡಿದರು, ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು.

“ಇವರೇ ಏನವ್ವಾ, ನೀ ಓದಿ ಹೇಳಿದ್ದು ಬರದೋರು?”

“ಹೌದ್ರಿ ಮಾವ.”

“ಹೂಂ” ಅಂದರು ಸಿದ್ದಣ್ಣ. ಅಷ್ಟೇ.

ಸಂಗತಿ ಏನು ಗೊತ್ತೆ? ನಾಗವೇಣಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದವಳು. ಶಹಾಪುರದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಒಂದನೇ ತಾರೀಖಿಗೆ ಸೇರಬೇಕಿತ್ತು. ಜನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದು ಕೂತಿರುತ್ತಾರೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗಬೇಕು. ಆ ಹೊತ್ತಿನ ಬಸ್ಸು ಸುರಪುರದಲ್ಲೇ ತುಂಬಿ ಬರುತ್ತದೆ, ಈ ಊರಲ್ಲಿ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ಗಂಡ ಯಾದಗಿರಿಯ ದಾಲ್ ಮಿಲ್ಲಿನಲ್ಲಿ, ಮನೆಯ ಬೈಕು ಅವನ ಜೊತೆ ಹೋಗುತ್ತದೆ. ಪೆಟ್ರೋಲ್ ಬೇಕೆಂದರೆ ಇಲ್ಲಿ ಕಿರಾಣಿ ಅಂಗಡಿಯ ಬಾಟಲಿಯೇ ಗತಿ. ಆದ್ದರಿಂದ ಅವಳು ಕರೆಂಟಿನ ಸ್ಕೂಟರ್ ಕೇಳಿದ್ದಳು. ಮನೆಯ ಮೇಲೆ ಸೋಲಾರ್ ಇದೆ, ಬಂಕಿನ ಹಂಗಿಲ್ಲ ಅಂತ ವಾದ ಮಾಡಿದ್ದಳು. ಮಾವ ಒಪ್ಪದಿದ್ದಾಗ ನನ್ನ ಅಂಕಣವನ್ನು ಗಟ್ಟಿಯಾಗಿ ಓದಿ ಕೇಳಿಸಿದ್ದಳು. ಅದೇ, ಹೋದ ತಿಂಗಳು ನಾನು ಈ ಗಾಡಿಯನ್ನು ಹೊಗಳಿ ಅಟ್ಟಕ್ಕೇರಿಸಿ “ಇನ್ನು ಹಾದಿಯಲ್ಲಿ ನಿಲ್ಲುವ ಮಾತೇ ಇಲ್ಲ” ಅಂತ ಬರೆದಿದ್ದೆನಲ್ಲ, ಅದು. ಸಿದ್ದಣ್ಣ ಅದನ್ನು ಕೇಳಿ ಅರ್ಧ ಒಪ್ಪಿದ್ದರು.

ಈಗ ಆ ಬರೆದ ಮಹಾನುಭಾವನೇ ಗಾಡಿ ತಳ್ಳಿಕೊಂಡು ಬಂದು ಬಾಗಿಲಲ್ಲಿ ಬೆವರು ಸುರಿಸುತ್ತ ನಿಂತಿದ್ದಾನೆ. ನಿಮಗೆ ಹೇಳುತ್ತೇನೆ, ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ನನ್ನ ಮಾನ ಹೋದರೆ ಹೋಗಲಿ, ಅದೇನು ಹೊಸದಲ್ಲ. ಆ ಹುಡುಗಿಯ ಕೆಲಸವನ್ನು ನಾನು ಹೋಳಿಗೆ ತಿಂದು ಮಲಗಿ ಕಳೆದುಬಿಟ್ಟೆನಲ್ಲ!

ಶರಣಮ್ಮ ಮಾತ್ರ ಇನ್ನೂ ತಮ್ಮ ಸಮಸ್ಯೆಯಲ್ಲೇ ಇದ್ದರು. ಬಾಗಿಲಿಗೆ ಬಂದವನನ್ನು ಹಾಗೇ ಕಳಿಸುವಂತಿಲ್ಲ. ಶುಕ್ರವಾರ ಕೊಡುವಂತೆಯೂ ಇಲ್ಲ. ಒಂದು ಕ್ಷಣ ಹೊಸ್ತಿಲು ನೋಡುತ್ತ ನಿಂತರು. ಆಮೇಲೆ ಮುಖ ತಿಳಿಯಾಯಿತು.

“ಒಳಗ ಬಾ ತಮ್ಮಾ. ಗಾಡಿನೂ ಒಳಗ ತಗೊಂಡ್ ಬಾ.”

“ಒಳಗ ಯಾಕ್ರಿ?”

“ಹೊರಗ ಕೊಡಬಾರ್ದು. ಮನ್ಯಾಗ ಬಂದವರಿಗೆ ಕೊಡಬಾರ್ದು ಅಂತ ಯಾರು ಹೇಳ್ಯಾರ? ಒಳಗ ಬಂದ್ರ ಬೀಗರು ಇದ್ದಂಗ.”

ಹೀಗೆ ನನ್ನ ಸ್ಕೂಟರ್ ಬೀಗಿತ್ತಿಯಾಗಿ ಆ ಮನೆ ಪ್ರವೇಶ ಮಾಡಿತು. ಸಿದ್ದಣ್ಣ ಮುಂದಿನ ಗಾಲಿ ಹಿಡಿದರು, ನಾನು ಹಿಂದೆ ಎತ್ತಿದೆ. ಶರಣಮ್ಮ ತಂಬಿಗೆಯಲ್ಲಿ ನೀರು ತಂದು ನನ್ನ ಕಾಲಿಗೆ ಕೊಟ್ಟರು. ಉಳಿದ ನೀರನ್ನು ಮುಂದಿನ ಗಾಲಿಗೂ ಹನಿಸಿದರು. (ನಗಬೇಡಿ. ಅವರು ನಗುತ್ತಿರಲಿಲ್ಲ.) ನಾಗವೇಣಿ ಮೂಲೆಯ ಪ್ಲಗ್ಗಿಗೆ ವಯರ್ ಹಚ್ಚಿದಳು. ಹಸಿರು ದೀಪ ಮಿಣುಕಿತು.

ಚಾರ್ಜ್ ಆಗುವ ಹೊತ್ತಿಗೆ ಉಂಡೇ ಹೋಗಬೇಕೆಂದು ಹಟ. ಜೋಳದ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಗ್ಯಾಸಿನ ಮೇಲೆ ಸುಟ್ಟದ್ದಲ್ಲ, ಒಲೆಯ ಮೇಲಿನದು. ಗ್ಯಾಸು ಚಹಾಕ್ಕೆ ಮತ್ತು ಅವಸರಕ್ಕೆ. ಸ್ನಾನದ ನೀರಿಗೆ ತೊಗರಿ ಕಟ್ಟಿಗೆ, ಹೊಲದಲ್ಲಿ ಸುಮ್ಮನೆ ಸುಡುವುದರ ಬದಲು ಬಚ್ಚಲಲ್ಲಿ ಸುಟ್ಟರೆ ಮೈಯಾದರೂ ಬಿಸಿಯಾಗುತ್ತದೆ ಅಂತ. ಫ್ಯಾನು, ಲೈಟು, ಮಿಕ್ಸಿಗೆ ಸೋಲಾರ್. ಪೇಟೆಯಲ್ಲಿ ನಾವು ಪರಿಸರ ಅಂತ ಸೆಮಿನಾರ್ ಮಾಡುತ್ತೇವೆ, ಒಂದೇ ಮದ್ದು ಎಲ್ಲ ರೋಗಕ್ಕೆ ಅನ್ನುತ್ತೇವೆ. ಈ ಮನೆಯವರು ಯಾವ ಉರಿ ಯಾವ ಕೆಲಸಕ್ಕೆ ಅಂತ ಯಾರನ್ನೂ ಕೇಳದೆ ಹಂಚಿಕೊಂಡಿದ್ದಾರೆ. ಅವರ ಕಷ್ಟ ಅದಲ್ಲ. ಊರಿನಿಂದ ಊರಿಗೆ ಒಬ್ಬ ಹೆಣ್ಣುಮಗಳು ಹೊತ್ತಿಗೆ ಸರಿಯಾಗಿ ಹೇಗೆ ಹೋಗಬೇಕು ಅನ್ನುವುದು.

“ಸೋಲಾರ್ ಹ್ಯಾಂಗದ್ರಿ ಯವ್ವಾ?” ಅಂತ ಮಾತು ತೆಗೆದೆ.

“ಚಲೋ ಅದ. ಹಗಲಾ ನಮಗ ಸಾಕಾಗಿ ಉಳಿದದ್ದು ಕಂಬಕ್ಕ ಹೋಗ್ತದ, ರಾತ್ರಿ ಕಂಬದಿಂದ ಹೊಳ್ಳಿ ಬರ್ತದ. ಬಾಜೂಮನಿಗೆ ಹಿಟ್ಟು ಕಡಾ ಕೊಟ್ಟಂಗ.” ಇನ್ನೊಂದು ರೊಟ್ಟಿ ಬಡಿಸುತ್ತ ಹೇಳಿದರು, “ಅದೂ ಹೊತ್ತು ಮುಳುಗಿದ ಮ್ಯಾಲ ಹೊರಗ ಕೊಡಂಗಿಲ್ಲ ನೋಡು. ಅದಕ್ಕೂ ತಿಳಿದದ.”

ಸಿದ್ದಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಮಾಸ್ತರ್, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಗಂಡಸ್ರು, ತಳಕೊಂಡು ಬಂದ್ರಿ. ನಾಳಿ ನಮ್ಮ ಹುಡುಗಿ ಗಾಡಿ ಹಾದ್ಯಾಗ ಹಿಂಗ ನಿಂತ್ರ ಏನ್ ಮಾಡಬೇಕ್ರಿ?”

ಅದರಲ್ಲಿ ಕೊಂಕಿರಲಿಲ್ಲ. ಭಯ ಇತ್ತು. ಸೊಸೆಯನ್ನು ಹಿಡಿದಿಡುವ ಮನುಷ್ಯನಲ್ಲ ಅವರು, ಅವಳನ್ನು ಕೋರ್ಸಿಗೆ ಕಳಿಸಿದವರೂ ಅವರೇ. ಬಾಗಿಲ ಹಿಂದೆ ನಾಗವೇಣಿಯ ಬಳೆಯ ಸದ್ದು ನಿಂತಿತು.

ನಾನು ಎಲ್ಲವನ್ನೂ ಹೇಳಿದೆ. ಅಳಿಯ, ಅಳಿಯನ ತಮ್ಮ, ಅಡುಗೆಯವನು, ಹೋಳಿಗೆ, ರಿಸರ್ವ್. ಗಾಡಿ ಮಲಗಿಸಿ ಅಲ್ಲಾಡಿಸಿದ್ದನ್ನೂ ಹೇಳಿದೆ. ಶರಣಮ್ಮ ಬಾಯಿಗೆ ಸೆರಗು ಹಿಡಿದರು. ನಾಗವೇಣಿ ಹೊರಗೆ ಬಂದಳು.

“ಮಾವ, ಗಾಡಿ ಸುಳ್ಳು ಹೇಳಿಲ್ರಿ. ಕೆಂಪು ತೋರಿಸ್ಯದ. ಸರ್ ಕೇಳಿಲ್ಲ. ನಾ ಹಂಗ ಮಾಡಂಗಿಲ್ಲ. ರಾತ್ರಿ ಹಚ್ಚಿ ಮಲಗ್ತೀನಿ, ಮುಂಜಾನಿ ನೋಡಿ ಹೊಂಡ್ತೀನಿ.”

“ಆದ್ರೂ ನಿಂತ್ರ?”

ಉತ್ತರ ಕೊಟ್ಟದ್ದು ಶರಣಮ್ಮ. ಅವರು ಇಲ್ಲಿಂದ ಶಹಾಪುರದ ತನಕ ಹಾದಿಯಲ್ಲಿ ಬರುವ ಊರುಗಳನ್ನು ಬೆರಳು ಮಡಚಿ ಹೇಳತೊಡಗಿದರು. ಮುಂದಿನ ಊರಲ್ಲಿ ಅವರ ಅಕ್ಕನ ಮಗಳು. ಅದರಾಚೆ ಕ್ರಾಸಿನಲ್ಲಿ ನಾಗವೇಣಿಯ ಸೋದರತ್ತೆ. ಅದರಾಚೆ ಅವರ ಜೊತೆ ಅಬ್ಬೆತುಮಕೂರಿನ ಮಠಕ್ಕೆ ಬರುವ ಗೆಳತಿ. “ಎಲ್ಲಾರಿಗೂ ನಾ ಹೇಳಿಡ್ತೀನಿ. ಎಲ್ಲಾರ ಮನ್ಯಾಗೂ ಪ್ಲಗ್ ಅದ. ಎಲ್ಲಿ ನಿಂತರ ಅಲ್ಲಿ ಒಳಗ ಹೋಗ್ಲಿ, ರೊಟ್ಟಿ ತಿನ್ಲಿ, ಬರ್ಲಿ.”

ಚಾರ್ಜಿಂಗ್ ಸ್ಟೇಷನ್ ಎಲ್ಲಿ ಎಲ್ಲಿ ಅಂತ ನಾವು ಮೊಬೈಲಿನಲ್ಲಿ ಹುಡುಕುತ್ತೇವೆ. ಇಲ್ಲಿ ಒಬ್ಬ ತಾಯಿ ರೊಟ್ಟಿಯ ಸಮೇತ ಒಂದು ಸಾಲನ್ನೇ ಉದ್ಘಾಟನೆ ಮಾಡಿಬಿಟ್ಟಿದ್ದರು.

ಸಿದ್ದಣ್ಣ ಕೈ ತೊಳೆದುಕೊಂಡು ಬಂದರು. ರುಮಾಲು ಸರಿ ಮಾಡಿಕೊಂಡರು.

“ಆತು. ಆದ್ರ ಒಂದು ಮಾತು. ರೌಂಡ್ ಹೊಡೀತೀನಿ ಅಂತ ಯಾರರ ಬಂದ್ರ ಕೀಲಿ ಕೊಡಬಾರ್ದು. ಯಾರಿಗೂ.”

“ಯಾರಿಗೂ ಕೊಡಂಗಿಲ್ರಿ ಮಾವ” ಅಂದಳು ನಾಗವೇಣಿ. ಶೇಂಗಾದ ಚೀಲ ಅಲ್ಲೇ ಇಳಿಸಿ ಬಂದೆ. ಬೇಡ ಅಂದರು ಶರಣಮ್ಮ. “ತಗೊಳ್ಳೋದಕ್ಕೆ ಶುಕ್ರಾರದ ಅಡ್ಡಿ ಇಲ್ಲಲ್ರಿ” ಅಂದೆ. ಚೀಲ ಒಳಗೆ ಎಳೆದುಕೊಂಡರು.

ಮೊನ್ನೆ ನಾಗವೇಣಿಯ ಫೋನ್ ಬಂತು. ಗಾಡಿ ಮನೆಗೆ ಬಂದಿದೆ. ವಿಭೂತಿ, ಹೂವು, ನಿಂಬೆಹಣ್ಣು ಎಲ್ಲಾ ಆಯಿತಂತೆ. ಕೆಲಸಕ್ಕೂ ಸೇರಿದ್ದಾಳೆ.

“ಸರ್, ಮೊದಲನೇ ರೌಂಡ್ ಕೇಳಿದೋರು ಯಾರು ಗೊತ್ತೇನ್ರಿ?”

“ಯಾರವ್ವಾ?”

“ನಮ್ಮ ಮಾವ.”

“ಕೀಲಿ ಕೊಟ್ಟಿಯೇನು?”

“ಹ್ಯಾಂಗ ಕೊಡ್ಲಿರಿ, ಯಾರಿಗೂ ಕೊಡಂಗಿಲ್ಲ ಅಂದೀನಲ್ಲ? ಹಿಂದ ಕುಂದ್ರಿಸ್ಕೊಂಡು ಊರೆಲ್ಲಾ ನಾನೇ ತಿರುಗಿಸಿ ಕರಕೊಂಡು ಬಂದೆ.”

ರುಮಾಲು ಒಂದು ಕೈಯಲ್ಲಿ ಹಿಡಿದುಕೊಂಡು ಸಿದ್ದಣ್ಣ ಸೊಸೆಯ ಹಿಂದಿನ ಸೀಟಿನಲ್ಲಿ ಕೂತು ಊರ ಅಗಸಿ ಬಾಗಿಲು ದಾಟಿದ್ದನ್ನು ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತು ನೋಡಿದರಂತೆ. ಆಕಾಶವೇನೂ ಕಳಚಿ ಬೀಳಲಿಲ್ಲ, ಅವರು ನಗುತ್ತಲೇ ಇಳಿದರಂತೆ.

ಹಾಗಾದರೆ ಇಷ್ಟು ದಿನ ನಾವು ಗಂಡಸರು ಹೆದರಿದ್ದು ಬ್ಯಾಟರಿ ಮುಗಿಯುತ್ತದೆ ಅಂತಲೋ, ಹಿಂದೆ ಕೂರಬೇಕಾಗುತ್ತದೆ ಅಂತಲೋ?